ಮಗುವಿಗೆ ‘ಓಡುವ ಎಕ್ಸ್-ರೇ’ ಬರೆದುಕೊಟ್ಟಾಗ

ಎಕ್ಸ್-ರೇ ಎಂದರೆ ನಮಗೆಲ್ಲ ಗೊತ್ತಿರುವುದು ಒಂದು ಕ್ಷಣದ ಫೋಟೋ. ಅಲ್ಲಾಡದೆ ನಿಲ್ಲು, ಉಸಿರು ಹಿಡಿ, ಮುಗಿಯಿತು, ಮನೆಗೆ ಹೋಗು. ಇನ್ನೊಂದು ಬಗೆಯ ಎಕ್ಸ್-ರೇ ಇದೆ. ಅದು ಫೋಟೋ ಅಲ್ಲ, ವಿಡಿಯೋ. ಮಗು ನುಂಗುತ್ತಿರುವುದು, ಕರುಳು ಚಲಿಸುತ್ತಿರುವುದು, ಮೂತ್ರಕೋಶ ತುಂಬಿ ಖಾಲಿಯಾಗುತ್ತಿರುವುದು ಎಲ್ಲವೂ ನಡೆಯುತ್ತಿರುವಾಗಲೇ ಪರದೆಯ ಮೇಲೆ ಕಾಣುತ್ತದೆ. ಡಾಕ್ಟರುಗಳು ಇದನ್ನು ಫ್ಲೋರೋಸ್ಕೋಪಿ ಎನ್ನುತ್ತಾರೆ. ನಿಮ್ಮ ಮಗುವಿಗೋ, ಊರಿನಲ್ಲಿರುವ ಅಪ್ಪ ಅಮ್ಮನಿಗೋ ಇದನ್ನು ಬರೆದುಕೊಡುವ ದಿನ ಬರಬಹುದು. ಆ ದಿನ ನಿಮ್ಮ ಕೈಯಲ್ಲಿ ಇರಲಿ ಎಂದು, ನಮ್ಮ ಮನೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಗಳಿಗೆ ಆಗ ನಾಲ್ಕು ವರ್ಷ. ಆರು ತಿಂಗಳಲ್ಲಿ ಮೂರು ಸಲ ಜೋರು ಜ್ವರ, ಮೂರು ಸಲವೂ ಮೂತ್ರದ ಸೋಂಕು. ಅಲ್ಟ್ರಾಸೌಂಡ್‌ನಲ್ಲಿ ಒಂದು ಕಿಡ್ನಿ ಸ್ವಲ್ಪ ಊದಿದಂತೆ ಕಂಡಿತು. ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ನಾವು ತೋರಿಸುವ ಮಕ್ಕಳ ಡಾಕ್ಟರು ಚೀಟಿಯಲ್ಲಿ ‘ಎಂಸಿಯು’ ಎಂದು ಬರೆದರು. ಅಮೆರಿಕದಲ್ಲಿರುವ ಓದುಗರು ಇದನ್ನೇ ‘ವಿಸಿಯುಜಿ’ ಎಂದು ಕೇಳಿರುತ್ತೀರಿ.

ರಾತ್ರಿ ಶಿವಮೊಗ್ಗಕ್ಕೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: “ಮಗೂಗೆ ಕರೆಂಟ್ ಕೊಡ್ತಾರೇನೇ?” ನಮ್ಮ ಕಡೆ ಕ್ಯಾನ್ಸರಿನವರಿಗೆ ವಿಕಿರಣ ಚಿಕಿತ್ಸೆ ಕೊಡುವುದಕ್ಕೆ ‘ಕರೆಂಟ್ ಕೊಡೋದು’ ಎನ್ನುತ್ತಾರಲ್ಲ, ಅಮ್ಮನ ಮನಸ್ಸಿಗೆ ಬಂದದ್ದು ಅದು. ನಿಮ್ಮ ಮನೆಯ ಹಿರಿಯರೂ ಹೀಗೇ ಕೇಳಬಹುದು. ಉತ್ತರ ನೇರವಾಗಿದೆ: ಇದು ಚಿಕಿತ್ಸೆಯಲ್ಲ, ನೋಡುವ ಪರೀಕ್ಷೆ. ಎರಡರಲ್ಲಿ ಬಳಸುವ ವಿಕಿರಣದ ಪ್ರಮಾಣಕ್ಕೆ ಹೋಲಿಕೆಯೇ ಇಲ್ಲ.

ಈ ಪರೀಕ್ಷೆಯಲ್ಲಿ ಏನು ಮಾಡುತ್ತಾರೆ?

ಮೂತ್ರ ಕಿಡ್ನಿಯಿಂದ ಕೆಳಗೆ ಮೂತ್ರಕೋಶಕ್ಕೆ ಇಳಿಯಬೇಕು, ವಾಪಸ್ಸು ಹತ್ತಬಾರದು. ಕೆಲವು ಮಕ್ಕಳಲ್ಲಿ ಅದು ಹತ್ತುತ್ತದೆ. ಸೋಂಕಿರುವ ಮೂತ್ರ ಹೀಗೆ ಮೇಲೆ ಹೋದರೆ ಕಿಡ್ನಿಯಲ್ಲಿ ಗಾಯದ ಕಲೆ ಉಳಿಯುವ ಅಪಾಯವಿದೆ. ಇದಕ್ಕೆ ರಿಫ್ಲಕ್ಸ್ ಎಂದು ಹೆಸರು. 1ರಿಂದ 5ರವರೆಗೆ ದರ್ಜೆಗಳಿವೆ. ಕೆಳಗಿನ ದರ್ಜೆಯದು ಬಹಳ ಸಲ ಮಗು ಬೆಳೆದಂತೆ ತಾನಾಗಿಯೇ ಸರಿಹೋಗುತ್ತದೆ. ಮೇಲಿನ ದರ್ಜೆಯದಕ್ಕೆ ಕೆಲವೊಮ್ಮೆ ಆಪರೇಷನ್ ಬೇಕಾಗುತ್ತದೆ. ಯಾವುದು ಎಂದು ತಿಳಿಯದೆ ಡಾಕ್ಟರು ಮುಂದಿನ ಹೆಜ್ಜೆ ಇಡುವುದು ಕಷ್ಟ.

ಮೂತ್ರ ಹೊರಗೆ ಹಾಕುವಾಗಲೇ ರಿಫ್ಲಕ್ಸ್ ಹೆಚ್ಚು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಒಂದು ಫೋಟೋ ಸಾಲದು, ವಿಡಿಯೋ ಬೇಕು. ಮಗುವನ್ನು ಮೇಜಿನ ಮೇಲೆ ಮಲಗಿಸಿ, ಮೂತ್ರದ ದಾರಿಯಲ್ಲಿ ತೆಳುವಾದ ಕೊಳವೆ ಹಾಕುತ್ತಾರೆ. ಅದರ ಮೂಲಕ ಎಕ್ಸ್-ರೇಯಲ್ಲಿ ಕಾಣುವ ಕಾಂಟ್ರಾಸ್ಟ್ ದ್ರವವನ್ನು ನಿಧಾನವಾಗಿ ತುಂಬುತ್ತಾರೆ. ಎಷ್ಟು ತುಂಬಬೇಕೆಂಬುದಕ್ಕೆ ಒಂದು ಅಂದಾಜು ಲೆಕ್ಕವಿದೆ: ಮಗುವಿನ ವಯಸ್ಸಿಗೆ 2 ಕೂಡಿಸಿ 30ರಿಂದ ಗುಣಿಸಿ. ನಾಲ್ಕು ವರ್ಷದವಳಿಗೆ ಸುಮಾರು 180 ಮಿಲಿಲೀಟರ್. ತುಂಬಿದ ಮೇಲೆ, ಅದೇ ಮೇಜಿನ ಮೇಲೆ, ಮಗು ಮೂತ್ರ ಮಾಡಬೇಕು. ಡಾಕ್ಟರು ಅದನ್ನು ಪರದೆಯಲ್ಲಿ ನೋಡುತ್ತಾರೆ.

ಓದಲು ಸುಲಭ. ಆದರೆ ಯೋಚಿಸಿ: ಎರಡು ವರ್ಷದಿಂದ ನಾವು ಮಗುವಿಗೆ ಹೇಳಿಕೊಟ್ಟಿರುವುದೇನು? ಹಾಸಿಗೆಯಲ್ಲಿ ಮಾಡಬಾರದು, ಬಟ್ಟೆಯಲ್ಲಿ ಮಾಡಬಾರದು, ಎಲ್ಲರ ಮುಂದೆ ಮಾಡಬಾರದು. ಇಲ್ಲಿ ಮೂರನ್ನೂ ಒಟ್ಟಿಗೆ ಮುರಿಯಲು ಹೇಳುತ್ತೇವೆ. ಅದರ ಮೇಲೆ ನಮ್ಮ ಮನೆಯಲ್ಲಿ, ನಿಮ್ಮ ಮನೆಯಲ್ಲೂ ಇರಬಹುದು, ಇನ್ನೊಂದು ಪಾಠವಿದೆ: ಚಡ್ಡಿಯೊಳಗೆ ಯಾರೂ ಮುಟ್ಟಬಾರದು.

ವಿಕಿರಣ ಎಷ್ಟು?

ಇದನ್ನು ಡಾಕ್ಟರ ಹತ್ತಿರ ಕೇಳಲು ಹಿಂಜರಿಯಬೇಡಿ. ಭೂಮಿಯ ಮೇಲೆ ಬದುಕುವ ಪ್ರತಿಯೊಬ್ಬರಿಗೂ ಮಣ್ಣು, ಗಾಳಿ, ಆಹಾರ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾಗುತ್ತದೆ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿರುವುದರಿಂದ ಆಕಾಶದ ಪಾಲು ಮೊಂಬಾಸಾದವರಿಗಿಂತ ನಮಗೆ ಸ್ವಲ್ಪ ಹೆಚ್ಚು. ಊರಿಗೆ ವಿಮಾನದಲ್ಲಿ ಹಾರುವಾಗಲೂ ಸ್ವಲ್ಪ ಸೇರುತ್ತದೆ. ಹೊಸ ಯಂತ್ರದಲ್ಲಿ, ಮಕ್ಕಳಿಗೆ ತಕ್ಕಂತೆ ಹೊಂದಿಸಿ ಮಾಡಿದ ಎಂಸಿಯು ಸಾಮಾನ್ಯವಾಗಿ ಒಂದು ಮಿಲಿಸೀವರ್ಟ್‌ಗಿಂತ ಕಡಿಮೆ.

‘ವಿಡಿಯೋ’ ಎಂದ ಕೂಡಲೇ ಯಂತ್ರ ಹದಿನೈದು ನಿಮಿಷ ಒಂದೇ ಸಮನೆ ಉರಿಯುತ್ತದೆ ಎಂದುಕೊಳ್ಳಬೇಡಿ. ಡಾಕ್ಟರು ಕಾಲಿನಿಂದ ಪೆಡಲ್ ಒತ್ತಿದಾಗ ಮಾತ್ರ ಕಿರಣ ಹೊರಡುತ್ತದೆ. ಈಗಿನ ಯಂತ್ರಗಳು ಕಿರಣವನ್ನು ಬಿಟ್ಟು ಬಿಟ್ಟು ಹಾಯಿಸುತ್ತವೆ. ಇದನ್ನು ಪಲ್ಸ್ಡ್ ಫ್ಲೋರೋಸ್ಕೋಪಿ ಎನ್ನುತ್ತಾರೆ. ಪೆಡಲ್ ಬಿಟ್ಟ ಮೇಲೂ ಕೊನೆಯ ಚಿತ್ರ ಪರದೆಯಲ್ಲಿ ನಿಂತಿರುತ್ತದೆ, ಅದನ್ನು ನೋಡಲು ಮತ್ತೆ ಕಿರಣ ಬೇಡ. ಕೊಳವೆ ಹಾಕುವಾಗ, ದ್ರವ ತುಂಬುವ ಹೆಚ್ಚಿನ ಹೊತ್ತು, ಮಗು ಅಳುವಾಗ ಸಮಾಧಾನ ಮಾಡುವಾಗ ಕಿರಣ ಇರುವುದಿಲ್ಲ.

ಈ ಎಚ್ಚರಿಕೆಗಳು ಸುಮ್ಮನೆ ಬಂದವಲ್ಲ. ರಾಂಟ್‌ಜನ್ 1895ರಲ್ಲಿ ಎಕ್ಸ್-ರೇ ಕಂಡುಹಿಡಿದ ಮರುವರ್ಷವೇ ಎಡಿಸನ್ ಫ್ಲೋರೋಸ್ಕೋಪ್ ಮೇಲೆ ಕೆಲಸ ಶುರುಮಾಡಿದ. ಯಂತ್ರದ ಮುಂದೆ ದಿನಗಟ್ಟಲೆ ಕೈ ಒಡ್ಡುತ್ತಿದ್ದ ಅವನ ಸಹಾಯಕ ಕ್ಲಾರೆನ್ಸ್ ಡ್ಯಾಲಿ 1904ರಲ್ಲಿ ಅದರಿಂದಲೇ ತೀರಿಕೊಂಡ. ಆಮೇಲೂ ಎಷ್ಟೋ ವರ್ಷ ಪಾಶ್ಚಾತ್ಯ ದೇಶಗಳ ಚಪ್ಪಲಿ ಅಂಗಡಿಗಳಲ್ಲಿ ಮಕ್ಕಳ ಪಾದದ ಅಳತೆ ನೋಡಲು ಇದೇ ಯಂತ್ರ ಇಡುತ್ತಿದ್ದರು. ಇಂದು ಕೀನ್ಯಾದಲ್ಲಿ ಇಂಥ ಯಂತ್ರಗಳಿಗೆ ಪರವಾನಗಿ ಕೊಡುವುದು 2019ರ ಕಾಯ್ದೆಯಡಿ ಬಂದ ಕೀನ್ಯಾ ನ್ಯೂಕ್ಲಿಯರ್ ರೆಗ್ಯುಲೇಟರಿ ಅಥಾರಿಟಿ. ಭಾರತದಲ್ಲಿ ಆ ಕೆಲಸ ಎಇಆರ್‌ಬಿಯದು.

ಇನ್ನೊಂದು ಮಾತು. ಮಗುವಿನ ಮೇಲೆ ಸೀಸದ ಹೊದಿಕೆ ಹಾಕಲಿಲ್ಲ ಎಂದು ಗಾಬರಿಯಾಗಬೇಡಿ. ಕಿರಣದ ದಾರಿಯಲ್ಲಿ ಸೀಸ ಅಡ್ಡ ಬಂದರೆ ಯಂತ್ರ ತಾನಾಗಿಯೇ ಕಿರಣ ಹೆಚ್ಚಿಸಬಹುದು. ನೋಡಬೇಕಾದ ಜಾಗವೂ ಮುಚ್ಚಿಹೋಗುತ್ತದೆ. ಒಳಗೆ ಮಗುವಿನ ಜೊತೆ ನಿಲ್ಲುವ ದೊಡ್ಡವರಿಗೆ ಮಾತ್ರ ಸೀಸದ ಏಪ್ರನ್ ಕೊಡುತ್ತಾರೆ.

ಒಳಗೆ ಯಾರು ಹೋಗಬೇಕು?

ನಾನು ಆಗ ಎರಡನೆಯದಕ್ಕೆ ನಾಲ್ಕು ತಿಂಗಳ ಬಸುರಿ. ಬಸುರಿಯರು, ಬಸುರಿರಬಹುದು ಎಂಬ ಅನುಮಾನವಿರುವವರು ಈ ಕೋಣೆಗೆ ಹೋಗುವುದಿಲ್ಲ. ತಡ ಮಾಡದೆ ಮೊದಲೇ ಹೇಳಿಬಿಡಿ. ಹಾಗಾಗಿ ಒಳಗೆ ಹೋಗಬೇಕಾದವರು ನಮ್ಮ ಮನೆಯವರು.

ಇಲ್ಲಿಯೇ ಭಾಷೆಯ ಪ್ರಶ್ನೆ ಎದ್ದದ್ದು. ಮಗಳು ಸ್ಕೂಲಿನಲ್ಲಿ ಇಂಗ್ಲಿಷ್, ಆಟದ ಮೈದಾನದಲ್ಲಿ ಸ್ವಾಹಿಲಿ, ಮನೆಯಲ್ಲಿ ಕನ್ನಡ. ಮೂರರಲ್ಲೂ ಅರಳು ಹುರಿದಂತೆ ಮಾತಾಡುತ್ತಾಳೆ. ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಹೇಳಿದರೆ ಅರ್ಥವಾಗುತ್ತದೆ, ಬೇರೆ ತಯಾರಿ ಏಕೆ ಎಂದು ಮನೆಯವರು ಕೇಳಿದರು. ಆದರೆ ಮಾತು ಅರ್ಥವಾಗುವುದು ಬೇರೆ, ಮೈ ಆ ಮಾತು ಕೇಳುವುದು ಬೇರೆ. ಅವಳಿಗೆ ಸುಸ್ಸು ಅಭ್ಯಾಸ ಮಾಡಿಸಿದ್ದು ಕನ್ನಡದಲ್ಲಿ. ಅದರಲ್ಲೂ ನಮ್ಮ ಅಜ್ಜಿಯಂದಿರೆಲ್ಲ ಮಾಡುತ್ತಿದ್ದ ಆ “ಸ್ಸ್ಸ್” ಶಬ್ದದಲ್ಲಿ.

ಹಿಂದಿನ ಎರಡು ದಿನ ಗೊಂಬೆ, ಜ್ಯೂಸಿನ ಸ್ಟ್ರಾ ಇಟ್ಟುಕೊಂಡು ಆಟ ಆಡಿದೆವು. ಹೊಟ್ಟೆಯೊಳಗೆ ‘ಸುಸ್ಸು ಚೀಲ’ ಇದೆ, ದೊಡ್ಡವರು ಅದಕ್ಕೆ ಮೂತ್ರಕೋಶ ಎನ್ನುತ್ತಾರೆ ಎಂದೆ. ಅವಳಿಗೆ ಆ ಪದ ಬಹಳ ಹಿಡಿಸಿತು, ದಿನವಿಡೀ ಹೇಳಿಕೊಂಡು ತಿರುಗಿದಳು. ‘ಏನೂ ನೋವಾಗಲ್ಲ’ ಎಂದು ಹೇಳಲಿಲ್ಲ. “ಪೈಪ್ ಹಾಕುವಾಗ ಸ್ವಲ್ಪ ಉರಿಯತ್ತೆ. ಅಳಬಹುದು. ಅಲ್ಲಾಡಬಾರದು. ಅಪ್ಪ ಕೈ ಹಿಡಿದುಕೊಂಡಿರ್ತಾರೆ” ಎಂದೆ. ಮುಟ್ಟುವ ವಿಷಯವನ್ನೂ ಹೇಳಿದೆ: “ನಾಳೆ ಡಾಕ್ಟರು ಅಲ್ಲಿ ಮುಟ್ತಾರೆ. ನಿನ್ನ ಜ್ವರ ಯಾಕೆ ಬರತ್ತೆ ಅಂತ ನೋಡೋಕೆ. ಅಪ್ಪ ಅಲ್ಲೇ ಇರ್ತಾರೆ. ಇದು ಗುಟ್ಟಲ್ಲ, ಎಲ್ಲರಿಗೂ ಹೇಳಬಹುದು.” ನಿಯಮ ಮುರಿಯುತ್ತಿಲ್ಲ, ನಿಯಮದೊಳಗೇ ಇದಕ್ಕೂ ಜಾಗವಿದೆ ಎಂದು ಮಗುವಿಗೆ ಅದರ ಮನೆಭಾಷೆಯಲ್ಲಿ ಗೊತ್ತಾಗಬೇಕು.

ಆ ದಿನ ಕೊಳವೆ ಹಾಕುವಾಗ ಅವಳು ಅತ್ತದ್ದು ಬಾಗಿಲಾಚೆ ಕೂತ ನನಗೆ ಕೇಳಿಸಿತು. ಆಮೇಲೆ ಬಹಳ ಹೊತ್ತು ಸದ್ದಿಲ್ಲ. ಚೀಲ ತುಂಬಿತ್ತು, ಮಗಳು ಬಿಗಿ ಹಿಡಿದಿದ್ದಳು. ಟೆಕ್ನಾಲಜಿಸ್ಟ್ ಒಳ್ಳೆಯ ಹೆಣ್ಣುಮಗಳು. ಮೊದಲು ಇಂಗ್ಲಿಷಿನಲ್ಲಿ ಹೇಳಿ ನೋಡಿದರು. ಆಮೇಲೆ ಸ್ವಾಹಿಲಿಯಲ್ಲಿ ಮೆಲ್ಲಗೆ “ಕೋಜೋವಾ ಬೇಬಿ, ಕೋಜೋವಾ” ಎಂದರು. ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸಿದರು. ಆಗಲಿಲ್ಲ. ಮಗು ಮಾಡದೇ ಹೋದರೆ ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತದೆ, ಕೆಲವೊಮ್ಮೆ ಇನ್ನೊಂದು ದಿನ ಮೊದಲಿನಿಂದ ಎಲ್ಲವೂ. ಆಗ ಮನೆಯವರು ಅವಳ ಕಿವಿಯ ಹತ್ತಿರ ಬಗ್ಗಿ, “ಪುಟ್ಟಿ, ಇವತ್ತು ಇಲ್ಲೇ ಮಾಡಬಹುದು. ಅಪ್ಪ ಹೇಳ್ತಿದೀನಿ. ಯಾರೂ ಬಯ್ಯಲ್ಲ” ಎಂದು ಹೇಳಿ, “ಸ್ಸ್ಸ್” ಅಂದರಂತೆ. ಮೂರು ಸಲ ಅನ್ನುವಷ್ಟರಲ್ಲಿ ಆಯಿತು. ಡಾಕ್ಟರು ಪೆಡಲ್ ಒತ್ತಿದ್ದು ಆಗ.

ಇದನ್ನು ಪ್ರೀತಿಯ ಕತೆಯಾಗಿ ಮಾತ್ರ ಹೇಳುತ್ತಿಲ್ಲ. ಮಗು ಹೇಳಿದ ಹೊತ್ತಿಗೆ ಅಲುಗಾಡದೆ ಮಲಗಿದರೆ, ಹೇಳಿದ ಹೊತ್ತಿಗೆ ಮೂತ್ರ ಬಿಟ್ಟರೆ, ಕಿರಣ ಹಾಯುವ ಸಮಯ ಕಡಿಮೆಯಾಗುತ್ತದೆ. ಮತ್ತೆ ಮಾಡುವುದು ತಪ್ಪುತ್ತದೆ. ಯಂತ್ರ ಹಳೆಯದೋ ಹೊಸದೋ ನಮ್ಮ ಕೈಯಲ್ಲಿಲ್ಲ. ಮಗುವಿನ ಕಿವಿಗೆ ಬೀಳುವ ಮಾತು ನಮ್ಮ ಕೈಯಲ್ಲಿದೆ.

ಮಗಳದು ಒಂದು ಬದಿಯಲ್ಲಿ ಮೂರನೇ ದರ್ಜೆ ಎಂದು ಬಂತು. ಸದ್ಯಕ್ಕೆ ಆಪರೇಷನ್ ಬೇಡ, ರಾತ್ರಿ ಸ್ವಲ್ಪ ಔಷಧ, ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು, ಹೊತ್ತುಹೊತ್ತಿಗೆ ಸುಸ್ಸು ಎಂದರು. ಮುಂದಿನ ತಪಾಸಣೆಗೆ ಕಾಯುತ್ತಿದ್ದೇವೆ.

ನೀವು ಕೇಳಬೇಕಾದ್ದು, ಹೇಳಬೇಕಾದ್ದು

ಪರೀಕ್ಷೆಗೆ ಮೊದಲು ಇಷ್ಟು ಕೇಳಿ. ಇದರ ಉತ್ತರದಿಂದ ಚಿಕಿತ್ಸೆ ಬದಲಾಗುತ್ತದೆಯೇ? ಅಲ್ಟ್ರಾಸೌಂಡಿನಲ್ಲೇ ನೋಡಲು ಸಾಧ್ಯವೇ? (ಕಾಂಟ್ರಾಸ್ಟ್ ಹಾಕಿ ಅಲ್ಟ್ರಾಸೌಂಡಿನಲ್ಲಿ ರಿಫ್ಲಕ್ಸ್ ನೋಡುವ ವಿಧಾನ ಕೆಲವು ಕಡೆ ಇದೆ, ಅದರಲ್ಲಿ ವಿಕಿರಣವಿಲ್ಲ.) ಯಂತ್ರದಲ್ಲಿ ಪಲ್ಸ್ಡ್ ಸೌಲಭ್ಯ ಇದೆಯೇ, ಮಕ್ಕಳಿಗೆಂದು ಹೊಂದಿಸುತ್ತಾರೆಯೇ? ಜೊತೆಗೆ ಯಾರು ಇರಬಹುದು?

ಇಷ್ಟು ಹೇಳಿ. ಹಿಂದೆ ಕಾಂಟ್ರಾಸ್ಟ್ ದ್ರವಕ್ಕೆ ಅಲರ್ಜಿ ಆಗಿತ್ತೇ, ಈಗ ಜ್ವರ ಅಥವಾ ಸೋಂಕು ಇದೆಯೇ, ಹಿಂದೆ ಯಾವ ಎಕ್ಸ್-ರೇ, ಸಿ.ಟಿ. ಆಗಿವೆ. ನಮ್ಮ ಹಾಗೆ ದೇಶ ಬದಲಿಸುವ ಕುಟುಂಬಗಳು ರಿಪೋರ್ಟಿನ ಜೊತೆ ಚಿತ್ರಗಳ ಪ್ರತಿಯನ್ನೂ ಕೇಳಿ ಪಡೆಯಬೇಕು. ಅದು ಕೈಯಲ್ಲಿದ್ದರೆ ಬೆಂಗಳೂರಿನಲ್ಲೋ ಲಂಡನ್ನಿನಲ್ಲೋ ಅದೇ ಪರೀಕ್ಷೆ ಮತ್ತೆ ಮಾಡಿಸುವುದು ಉಳಿಯಬಹುದು.

ಮನೆಗೆ ಬಂದ ಮೇಲೆ ಒಂದೆರಡು ದಿನ ಮೂತ್ರ ಮಾಡುವಾಗ ಉರಿಯಬಹುದು, ನೀರು ಹೆಚ್ಚು ಕುಡಿಸಿ. ಜ್ವರ ಬಂದರೆ ತಡಮಾಡದೆ ಡಾಕ್ಟರಿಗೆ ತಿಳಿಸಿ.

ಇದೇ ಯಂತ್ರದ ಬೇರೆ ಪರೀಕ್ಷೆಗಳೂ ಇವೆ. ನುಂಗಲು ಕಷ್ಟವಾದರೆ ಬೇರಿಯಂ ಕುಡಿಸುತ್ತಾರೆ. ಸುಣ್ಣದ ನೀರಿನಂತೆ ಬೆಳ್ಳಗಿರುತ್ತದೆ, ಆಮೇಲೆ ಮಲವೂ ಬೆಳ್ಳಗೆ ಬರುತ್ತದೆ, ಹೆದರಬೇಡಿ, ಮಲಬದ್ಧತೆ ಆಗದಂತೆ ನೀರು ಕುಡಿಸಿ. ಚಿಕ್ಕ ಮಗುವಿನ ಕರುಳು ಕರುಳಿನೊಳಗೇ ತೂರಿಕೊಂಡಾಗ, ಈ ಯಂತ್ರದಲ್ಲಿ ನೋಡುತ್ತಲೇ ಕೆಳಗಿನಿಂದ ಗಾಳಿ ಹಾಯಿಸಿ ಆಪರೇಷನ್ ಇಲ್ಲದೆ ಬಿಡಿಸುವುದುಂಟು. ಊರಿನಲ್ಲಿ ಅಪ್ಪನಿಗೆ ಜಯದೇವದಂಥ ಹೃದಯದ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಮ್ ಮಾಡಿದರೆ ಅದೂ ಇದೇ. ಅವರಿಗೆ ಕಿಡ್ನಿ ತೊಂದರೆ ಇದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಮೊದಲೇ ಹೇಳಲು ತಿಳಿಸಿ. ಸ್ಟೆಂಟ್ ಹಾಕುವುದು ಬಹಳ ಹೊತ್ತು ನಡೆದಿದ್ದರೆ, ಮುಂದಿನ ಕೆಲವು ವಾರ ಬೆನ್ನಿನ ಚರ್ಮ ಕೆಂಪಾಗಿದೆಯೇ ಎಂದು ಮನೆಯವರು ನೋಡಲಿ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಒಂದು ಚೀಟಿಯಲ್ಲಿ ನಿಮ್ಮ ಮನೆಯ ಮಾತುಗಳನ್ನು ಆಸ್ಪತ್ರೆಯವರು ಓದಬಲ್ಲ ಲಿಪಿಯಲ್ಲಿ ಬರೆದುಕೊಡಿ: ಅಲ್ಲಾಡಬೇಡ, ಉಸಿರು ಹಿಡಿ, ಆಯ್ತು, ಸುಸ್ಸು ಮಾಡು. ನಿಮ್ಮಲ್ಲಿ ಅದು ಉಚ್ಚೆಯೋ, ಒಂದಕ್ಕೋ, ಯಾವುದಾದರೂ ಸರಿ. ಟೆಕ್ನಾಲಜಿಸ್ಟ್ ಅದನ್ನು ತಪ್ಪುತಪ್ಪಾಗಿ ಹೇಳಿದರೂ ಮಗು ನಗುತ್ತದೆ. ನಗುವ ಮಗುವಿನ ಮೈ ಬಿಗಿ ಬಿಡುತ್ತದೆ.