ಹುಣಸೂರಿನ ಬ್ಯಾರನ್ ಮನೆಯಲ್ಲಿ ಮೂರು ರಾತ್ರಿ

ಮೈಸೂರಿಂದ ಮಡಿಕೇರಿ ಕಡೆ ಹೋಗುವಾಗ ಬಿಳಿಕೆರೆ ದಾಟಿದ ಮೇಲೆ ಕಾರಿನ ಕಿಟಕಿ ಸ್ವಲ್ಪ ಇಳಿಸಿ ನೋಡಿ. ಆಗಸ್ಟ್ ತಿಂಗಳಾಗಿದ್ರೆ ಗಾಳಿಯಲ್ಲಿ ಸೌದೆ ಹೊಗೆಯ ಜೊತೆ ಒಣಹುಲ್ಲು, ಬೆಲ್ಲ ಬೆರೆತಂಥ ಒಂದು ವಾಸನೆ ಬರುತ್ತೆ. ಕೊಡಗಿನ ಟ್ರಿಪ್‌ಗೆ ಹೋಗೋ ನಮಗೆಲ್ಲ ಹುಣಸೂರು ಅಂದ್ರೆ ಕಾಫಿಗೆ ನಿಲ್ಲಿಸೋ ಜಾಗ ಅಷ್ಟೇ. ಹಳ್ಳಿಗಳಲ್ಲಿ ಮನೆಗಳ ಪಕ್ಕ ಮೊಂಡಾಗಿ, ಎತ್ತರಕ್ಕೆ ನಿಂತಿರುವ ಕಟ್ಟಡಗಳು ಏನು ಅಂತ ಯಾರೂ ಕೇಳಲ್ಲ. ಅವೇ ಬ್ಯಾರನ್‌ಗಳು, ಹೊಗೆಸೊಪ್ಪು ಬೇಯಿಸುವ ಮನೆಗಳು.

ನನ್ನ ಹೆಂಡತಿಯ ತವರು ಇಲ್ಲೇ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಈ ಸಲ ಹೋದದ್ದು ಬರೀ ಊಟಕ್ಕಲ್ಲ. ಮಾವನಿಗೆ ಅರವತ್ತೊಂದು ವಯಸ್ಸು, ರಾತ್ರಿಯಿಡೀ ಒಲೆ ಮುಂದೆ ಕೂರೋದು ಸಾಕು ಅಂತ ಇವಳ ಹಟ. "ಈ ವರ್ಷಕ್ಕೆ ಲೈಸೆನ್ಸ್ ವಾಪಸ್ ಕೊಡಿಸಿಬಿಡೋಣ, ನೀವೇ ಮಾತಾಡಿ, ಅಳಿಯನ ಮಾತು ಕೇಳ್ತಾರೆ" ಅಂದಳು. ಲೈಸೆನ್ಸ್ ಅಂದ್ರೆ ತಂಬಾಕು ಮಂಡಳಿಯದು. 1975ರ ಕಾಯ್ದೆಯಿಂದ ಹುಟ್ಟಿದ, ಗುಂಟೂರಿನಲ್ಲಿ ಕೇಂದ್ರ ಕಚೇರಿ ಇರುವ ಮಂಡಳಿ. ವರ್ಜೀನಿಯಾ ತಂಬಾಕನ್ನು ಇಷ್ಟ ಬಂದ ಹಾಗೆ ಹಿತ್ತಲಲ್ಲಿ ಬೆಳೆದು ಮಾರೋಕಾಗಲ್ಲ. ನೋಂದಣಿ ಬೇಕು, ಬ್ಯಾರನ್‌ಗೆ ಲೈಸೆನ್ಸ್ ಬೇಕು, ಎಷ್ಟು ಕಿಲೋ ಅನ್ನೋದಕ್ಕೂ ಮಿತಿ ಇದೆ.

ಬೆಳೆಯ ಕಥೆ ಮಾರ್ಚ್ ಹೊತ್ತಿಗೆ ಸಸಿಮಡಿಯಿಂದ ಶುರು. ಬೀಜ ಎಷ್ಟು ಸಣ್ಣದು ಅಂದ್ರೆ ಒಂದು ಗ್ರಾಮಿಗೆ ಹತ್ತು ಸಾವಿರಕ್ಕೂ ಹೆಚ್ಚು ಬರುತ್ತೆ. ರಾಗಿ ಕಾಳು ಇದರ ಮುಂದೆ ಗುಂಡುಕಲ್ಲು. ಮುಂಗಾರಿನ ಮೊದಲ ಮಳೆ ನೋಡಿಕೊಂಡು ಹೊಲಕ್ಕೆ ನಾಟಿ. ಹೂವು ಬಂದ ಕೂಡಲೇ ತಲೆ ಚಿವುಟಬೇಕು, ಇಲ್ಲದಿದ್ರೆ ಎಲೆಯ ಸತ್ವವೆಲ್ಲ ಬೀಜಕ್ಕೆ ಹೋಗುತ್ತೆ. ಚಿವುಟಿದ್ದಕ್ಕೆ ಸಿಟ್ಟಿಗೆದ್ದ ಹಾಗೆ ಗಿಡ ಕಂಕುಳಲ್ಲೆಲ್ಲ ಕುಡಿ ಬಿಡುತ್ತೆ, ಅದನ್ನೂ ಮುರೀತಾ ಇರಬೇಕು.

ಕೊಯ್ಲು ಅಂದ್ರೆ ಒಂದೇ ದಿನದ ಕೆಲಸ ಅಂದುಕೊಂಡಿದ್ದೆ. ಹಾಗಲ್ಲ. ಎಲೆ ಬುಡದಿಂದ ಮೇಲಕ್ಕೆ ಹಣ್ಣಾಗ್ತಾ ಹೋಗುತ್ತೆ. ಗಿಡಕ್ಕೆ ಎರಡೋ ಮೂರೋ ಎಲೆ ಮುರಿದು, ವಾರ ಬಿಟ್ಟು ಮತ್ತೆ ಅದೇ ಗಿಡಕ್ಕೆ ಬರಬೇಕು. ಅತ್ತೆ ಮಾವನ ಹಳೇ ತುಂಬುತೋಳಿನ ಶರ್ಟು ಹಾಕಿಕೊಂಡೇ ಹೊಲಕ್ಕಿಳಿಯೋದು. ಇಬ್ಬನಿಯಲ್ಲಿ ನೆನೆದ ಎಲೆ ಮುಟ್ಟಿದ್ರೆ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತೆ, ತಲೆಸುತ್ತು, ವಾಂತಿ. ಒಂದು ಸಿಗರೇಟನ್ನೂ ಮುಟ್ಟದ ಹೆಂಗಸರಿಗೆ! ಎರಡು ಸಾಲು ಮುಗಿಸೋ ಹೊತ್ತಿಗೆ ನನ್ನ ಕೈಗೆ ಕಪ್ಪು ಅಂಟು ಮೆತ್ತಿಕೊಂಡಿತ್ತು. ಸೋಪಿಗೂ ಜಗ್ಗಲಿಲ್ಲ.

ಮಧ್ಯಾಹ್ನ ಜಗಲಿಯಲ್ಲಿ ಎಲೆ ಕಟ್ಟುವ ಕೆಲಸ. ನಾಲ್ಕೈದು ಹೆಂಗಸರು ಕಡ್ಡಿಗೆ ದಾರ ಸುತ್ತುತ್ತಾ ಆ ಕಡೆ ಈ ಕಡೆ ಎಲೆ ಪೋಣಿಸ್ತಾರೆ. ಮಾತು ನಿಲ್ಲಲ್ಲ, ಕೈಯೂ ನಿಲ್ಲಲ್ಲ. ನಾನು ಕಟ್ಟಿದ ಒಂದು ಕಡ್ಡಿಯನ್ನು ಅತ್ತೆ ಸದ್ದಿಲ್ಲದೆ ಬಿಚ್ಚಿ ಮತ್ತೆ ಕಟ್ಟಿದ್ರು.

ಆಮೇಲೆ ಬ್ಯಾರನ್ ತುಂಬೋದು. ಒಳಗೆ ಅಂತಸ್ತು ಅಂತಸ್ತಾಗಿ ಅಡ್ಡಮರ, ನೆಲದ ಮೇಲೆ ದಪ್ಪ ತಗಡಿನ ಕೊಳವೆ, ಒಲೆಯ ಬಾಯಿ ಮಾತ್ರ ಹೊರಗೆ. ಹೊಗೆ ಎಲೆಗೆ ತಾಗಬಾರದು, ಕೊಳವೆಯ ಬಿಸಿ ಮಾತ್ರ ತಾಗಬೇಕು. ಮೊದಲು ಸುಮಾರು ನೂರು ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ನಿಧಾನಕ್ಕೆ ಏರಿಸಿ ಎಲೆ ಒಣಗಿಸಿ, ಕೊನೆಗೆ ನೂರಾ ಅರವತ್ತರ ಹತ್ತಿರ ಒಯ್ದು ನಡುನರ ಒಣಗಿಸಬೇಕು. ಐದಾರು ದಿನ, ಹಗಲೂ ರಾತ್ರಿ. ಬಿಸಿ ಬೇಗ ಏರಿಸಿದ್ರೆ ಎಲೆ ಹಸಿರಾಗೇ ನಿಲ್ಲುತ್ತೆ, ತಡ ಮಾಡಿದ್ರೆ ಕಪ್ಪಾಗುತ್ತೆ. ಎರಡಕ್ಕೂ ಹರಾಜಿನಲ್ಲಿ ಬೆಲೆ ಇಲ್ಲ.

ಆಫೀಸಿನಲ್ಲಿ ಆನ್‌ಕಾಲ್ ಇದ್ದಾಗ ಫೋನ್ ಕಿರುಚಿದ್ರೆ ಮಾತ್ರ ಏಳ್ತೀನಿ. ಮಾವನಿಗೆ ಅಲರ್ಟ್ ಕೊಡೋರು ಯಾರೂ ಇಲ್ಲ. ಕಿಂಡಿಗೆ ಟಾರ್ಚ್ ಬಿಟ್ಟು ಥರ್ಮಾಮೀಟರ್ ನೋಡ್ತಾರೆ, ಮೂಗಿನಲ್ಲಿ ವಾಸನೆ ಎಳೀತಾರೆ, ಸೌದೆ ಹಿಂದಕ್ಕೋ ಮುಂದಕ್ಕೋ ಮಾಡ್ತಾರೆ. ಒಂದು ಕಡ್ಡಿ ಜಾರಿ ಕಾದ ಕೊಳವೆ ಮೇಲೆ ಬಿದ್ರೆ ಇಡೀ ಬ್ಯಾರನ್ ಬೆಂಕಿ. ಅದಕ್ಕೇ ನಿದ್ದೆ ಮಾಡೋ ಹಾಗಿಲ್ಲ.

ಮೂರನೇ ರಾತ್ರಿ ಮಾತು ತೆಗೆದೆ.

"ಬಿಡೋದು ಬಿಡಿ ಅಳಿಯಂದ್ರೇ, ಬಿಟ್ಟು ಹಾಕೋದೇನು?" ಅಂದ್ರು. "ಶುಂಠಿ ಹಾಕಿದ್ರೆ ಕೊಳೆರೋಗ. ಉಳಿದ್ರೆ ರೇಟಿಲ್ಲ. ಅಡಿಕೆಗೆ ಐದಾರು ವರ್ಷ ಕಾಯ್ಬೇಕು. ಇದಾದ್ರೆ ಹಂದಿ ಮುಟ್ಟಲ್ಲ. ಆನೆ ತುಳಿಯುತ್ತೆ ಹೊರತು ತಿನ್ನಲ್ಲ. ಎಲೆ ಮುಗಿದ್ಮೇಲೆ ಅದೇ ಹೊಲಕ್ಕೆ ರಾಗಿ ಚೆಲ್ತೀವಿ." ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮನೆಯೋರ ಓದಿನ ಫೀಸು ಎಲ್ಲಿಂದ ಬಂತು ಅಂದ್ಕೊಂಡ್ರಿ?" ಅಂತ ಒಲೆ ಕಡೆ ತಿರುಗಿದ್ರು.

ಅವರು ಜೀವನದಲ್ಲಿ ಒಂದು ಬೀಡಿ ಸೇದಿದವರಲ್ಲ. ಕ್ಯಾನ್ಸರ್ ಚಿತ್ರದ ಪ್ಯಾಕೆಟ್ಟು ಅವರಿಗೂ ಗೊತ್ತು. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿದೆ, ಬೆಳೆಗಾರರಿಗೆ ಬೇರೆ ದಾರಿ ತೋರಿಸಬೇಕು ಅನ್ನೋ ಮಾತೂ ಅದರಲ್ಲಿದೆ. ಆ ದಾರಿ ಮಾವನ ಹೊಲದ ತನಕ ಬಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಒಂದು ಕಿಲೋ ಎಲೆಗೆ ನಾಲ್ಕೈದು ಕಿಲೋ ಸೌದೆ ಉರಿಯುತ್ತೆ ಅನ್ನೋದೂ ಅಷ್ಟೇ ನಿಜ. ನಾಗರಹೊಳೆ ಪಕ್ಕದ ಊರಲ್ಲಿ ಕೂತು ಅದನ್ನ ಹಗುರವಾಗಿ ತಗೊಳ್ಳೋಕಾಗಲ್ಲ.

ಬ್ಯಾರನ್ ಬಿಚ್ಚಿದ ದಿನ ಎಲೆ ನಿಂಬೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಮುಟ್ಟಿದ್ರೆ ಪುಡಿಯಾಗೋ ಹಾಗಿದ್ದ ಎಲೆ ರಾತ್ರಿ ತೇವಕ್ಕೆ ಮೆತ್ತಗಾದ ಮೇಲೆ ಕೆಳಗಿಳಿಸಿದ್ವಿ. ಇವಳು ನೆಲದ ಮೇಲೆ ಕೂತು, ಚಿಕ್ಕಂದಿನ ಅಭ್ಯಾಸದಲ್ಲಿ, ನೋಡದೇ ಬಣ್ಣ ವಿಂಗಡಿಸ್ತಾ ಇದ್ದಳು. ಕಟ್ಟೆಮಳಲವಾಡಿ ಹರಾಜಿಗೆ ಹೋಗೋವರೆಗೆ ಬೇಲ್‌ಗಳು ಮನೆಯ ನಡುಕೋಣೆಯಲ್ಲೇ ಇರುತ್ತವೆ.

ಕೊನೆಗೆ ಅಪ್ಪ ಮಗಳ ಮಧ್ಯೆ ಆದ ಒಪ್ಪಂದ ಇಷ್ಟು: ಲೈಸೆನ್ಸ್ ಇರುತ್ತೆ. ಹಿತ್ತಲ ಕಡೆಯ ಅರ್ಧ ಎಕರೆಗೆ ಈ ವರ್ಷವೇ ಅಡಿಕೆ ಸಸಿ. ರಾತ್ರಿ ಒಲೆಗೆ ಸಂಬಳದ ಆಳು, ಆ ಸಂಬಳ ನಮ್ಮದು. ಮಾವ ಮೊದಲೆರಡಕ್ಕೆ ತಲೆ ಆಡಿಸಿದ್ರು. ಮೂರನೆಯದಕ್ಕೆ ಏನೂ ಹೇಳದೆ ಟಾರ್ಚ್ ತಗೊಂಡು ಹೊರಗೆ ಹೋದ್ರು.