ವಿಪತ್ತು ನಿರ್ವಹಣೆ ನಾವ್ಯಾಕೆ ಓದಬೇಕು?



ಆನ್‌ಲೈನ್‌ನಲ್ಲಿ ವಿಪತ್ತು ನಿರ್ವಹಣೆಯ ಎಂ.ಎ. ಸೇರಿ ಇದು ಎರಡನೇ ವರ್ಷ. ಆಫೀಸಿನಲ್ಲಿ "ನಲವತ್ತು ದಾಟಿದ ಮ್ಯಾಲೆ ಇದೆಲ್ಲಾ ಯಾಕ್ರೀ ಮೇಡಂ, ಪ್ರಮೋಷನ್‌ಗೇನು ಲೆಕ್ಕಕ್ಕ ಬರಂಗಿಲ್ಲ" ಅಂತಾರೆ. ಸಂಘಟನೆಯ ಹುಡುಗರು "ಅಕ್ಕಾ, ಓದೋದಾದ್ರ ಕಾನೂನು ಓದ್ರಿ, ಅಟ್ರಾಸಿಟಿ ಕೇಸಿಗಾದ್ರೂ ಆಗ್ತದ" ಅಂತಾರೆ. ಇಬ್ಬರಿಗೂ ಇಲ್ಲೇ ಉತ್ತರ ಬರೀತಿದ್ದೀನಿ.

ನಮ್ಮದು ಮಲಪ್ರಭೆ ದಂಡೆಯ ಊರು. 2009ರಲ್ಲೂ ನೀರು ಬಂತು, 2019ರ ಆಗಸ್ಟ್‌ನಲ್ಲೂ ಬಂತು. ಎರಡೂ ಸಲ ಮೊದಲು ಮುಳುಗಿದ್ದು ನಮ್ಮ ಕೇರಿ. ಹೊಳೆಗೆ ಜಾತಿ ಗೊತ್ತಿಲ್ಲ, ನಿಜ. ಆದರೆ ದಿಬ್ಬ ಯಾರಿಗೆ, ತಗ್ಗು ಯಾರಿಗೆ ಅಂತ ಊರು ಎಂದೋ ತೀರ್ಮಾನ ಮಾಡಿಬಿಟ್ಟಿತ್ತು. ಗಂಜಿ ಕೇಂದ್ರದಲ್ಲಿ ನಮ್ಮವರು ಶಾಲೆಯ ವರಾಂಡದಲ್ಲೇ ಮಲಗಿದರು. ಒಳಗೆ ಬನ್ನಿ ಅಂತ ಯಾರೂ ಕರೆಯಲಿಲ್ಲ, ಬರಬೇಡಿ ಅಂತಲೂ ಯಾರೂ ಹೇಳಲಿಲ್ಲ. ಹೇಳೋ ಅಗತ್ಯಾನೇ ಇರಲಿಲ್ಲ. ಆಮೇಲೆ ಬಿದ್ದ ಮನೆಗೆ ಪರಿಹಾರ ಕೇಳಿದರೆ "ಹಕ್ಕುಪತ್ರ ಎಲ್ಲಿ?" ಅಂದರು. ಮೂರು ತಲೆಮಾರಿನಿಂದ ಅಲ್ಲೇ ಇದ್ದೀವಿ, ಹಕ್ಕುಪತ್ರ ಕೊಟ್ಟವರು ಯಾರು?

ಕೋರ್ಸಿನ ಮೊದಲ ಪಾಠವೇ ಇದು: ಹಜಾರ್ಡ್ ಬೇರೆ, ಡಿಸಾಸ್ಟರ್ ಬೇರೆ. ನೆರೆ, ಭೂಕಂಪ, ಚಂಡಮಾರುತ ಹಜಾರ್ಡ್. ಅದನ್ನು ತಾಳಿಕೊಳ್ಳಲಾಗದ ಜನರ ಮೇಲೆ ಬಿದ್ದಾಗ ಅದು ಡಿಸಾಸ್ಟರ್. ಆ ತಾಳಲಾಗದ ಸ್ಥಿತಿಗೆ ವಲ್ನರಬಿಲಿಟಿ ಅಂತ ಹೆಸರು. ರಾತ್ರಿ ಹತ್ತರ ಮೇಲೆ ಮೊಬೈಲಲ್ಲಿ ಈ ಪಾಠ ಕೇಳಿ ಅವ್ವನಿಗೆ ಹೇಳಿದೆ. "ಇಷ್ಟು ತಿಳಕೊಳ್ಳಾಕ ಅಷ್ಟು ಫೀಸು ಕಟ್ಟೀಯೇನ? ನನ್ನ ಕೇಳಿದ್ರ ನಾನ ಹೇಳ್ತಿದ್ದೆ" ಅಂದಳು.

ಅವ್ವನಿಗೆ ಗೊತ್ತಿರೋದು ಯೋಜನೆ ಬರೆಯೋರಿಗೆ ಗೊತ್ತಿರಲ್ಲ, ಸಮಸ್ಯೆ ಅಲ್ಲೇ ಇದೆ. 2004ರ ಸುನಾಮಿಯಲ್ಲಿ ತಮಿಳುನಾಡಿನ ನಾಗಪಟ್ಟಿಣಂ ಕಡೆ ದಲಿತರನ್ನು ಪರಿಹಾರ ಶಿಬಿರಗಳಿಂದ ದೂರ ಇಟ್ಟಿದ್ದನ್ನು ಮಾನವ ಹಕ್ಕು ಸಂಘಟನೆಗಳು ದಾಖಲಿಸಿವೆ. ಕೊಳೆತ ಶವ ಎತ್ತೋಕೆ ಮಾತ್ರ ಬೇರೆ ಊರುಗಳಿಂದ ಪೌರಕಾರ್ಮಿಕರನ್ನು ಕರೆಸಿದರು. ಅವರು ಯಾವ ಕೇರಿಯವರು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಮರುವರ್ಷ ವಿಪತ್ತು ನಿರ್ವಹಣಾ ಕಾಯ್ದೆ, 2005 ಬಂತು. ಅದರ 61ನೇ ಸೆಕ್ಷನ್ ಸ್ಪಷ್ಟವಾಗಿದೆ: ಪರಿಹಾರ ಕೊಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮದ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲ.

ನನ್ನ ಪ್ರಬಂಧದ ವಿಷಯ, ನಮ್ಮ ತಾಲ್ಲೂಕಿನ ನೆರೆ ಮತ್ತು ಕೇರಿಗಳು. "ಜಾತಿ ಅಂತ ಬೇಡ, ದುರ್ಬಲ ವರ್ಗ ಅಂತ ಹಾಕಿ, ನ್ಯೂಟ್ರಲ್ ಇರುತ್ತೆ" ಅಂತ ಗೈಡ್ ಸಲಹೆ ಕೊಟ್ಟರು. ನಾನು 61ನೇ ಸೆಕ್ಷನ್ ಸ್ಕ್ರೀನ್ ಮೇಲೆ ಹಾಕಿ, "ಸರ್, ಪಾರ್ಲಿಮೆಂಟೇ ಬರೆದಿರೋ ಪದ ಇದು, ನಾನ್ಯಾಕೆ ಅಳಿಸಲಿ?" ಅಂದೆ. ಪದ ಉಳೀತು. ಈಗ ರಜಾ ದಿನ ಊರೂರು ತಿರುಗಿ ಯಾವ ಕೇರಿಗೆ ನೀರು ಎಲ್ಲಿಂದ ನುಗ್ಗುತ್ತೆ, ಎಷ್ಟು ಮನೆಗೆ ಹಕ್ಕುಪತ್ರ ಇಲ್ಲ ಅಂತ ಬರ್ಕೊಳ್ತಿದ್ದೀನಿ.

ಹುಡುಗರಿಗೆ ಇಷ್ಟೇ ಹೇಳೋದು. ನೀರು ಬಂದ ಮೇಲೆ ಧರಣಿ ಕೂರೋದು ನಮಗೆ ಗೊತ್ತು. ನೀರು ಬರೋಕೆ ಮುಂಚೆ ಕೂರಬೇಕಾದ ಜಾಗ ಬೇರೆ ಇದೆ. ಇದೇ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇರಬೇಕು, ಜಿಲ್ಲೆಯಲ್ಲಿ ಅಪಾಯಕ್ಕೆ ಒಳಗಾಗೋ ಜಾಗಗಳು ಯಾವು ಅಂತ ಜಿಲ್ಲಾ ಯೋಜನೆಯಲ್ಲಿ ಇರಬೇಕು. ನಿಮ್ಮ ಜಿಲ್ಲೆಯ ಯೋಜನೆ ತರಿಸಿಕೊಂಡು ಓದಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಿಮ್ಮ ಕೇರಿಯ ಹೆಸರು ಅದರಲ್ಲಿದೆಯಾ ನೋಡಿ. ಈಗ ಗಂಜಿ ಕೇಂದ್ರಕ್ಕೆ ಕಾಳಜಿ ಕೇಂದ್ರ ಅಂತ ಹೆಸರಿಟ್ಟಿದ್ದಾರೆ. ಆ ಕಾಳಜಿ ವರಾಂಡದವರೆಗೂ ಬರುತ್ತಾ ಅಂತ ಮಳೆಗಾಲಕ್ಕೆ ಮೊದಲೇ ಕೇಳಿ.

ಓದಬೇಕು ಅನ್ನೋರು ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ನನ್ನ ನೋಟ್ಸ್ ಎಲ್ಲಾ ಕನ್ನಡದಲ್ಲೇ ಇವೆ, ಕೊಡ್ತೀನಿ.