ಟ್ರಂಕಿನಲ್ಲಿ ಮಡಗಿದ್ದ ಅಡಾಪ್ಟರು

ಈ ಸಲ ಬೇಸಿಗೆ ರಜಕ್ಕೆ ಮಗ, ಸೊಸೆ, ಮೊಮ್ಮಗ ಮೂರು ಜನಾನೂ ಕಂಪಲಾಪುರಕ್ಕೆ ಬಂದಿದ್ರು. ಬಂದ ಮಾರನೇ ಜಿನವೇ ಮೊಮ್ಮಗ ಅಟ್ಟ ಹತ್ತಿದ. ನಮ್ಮ ಅಟ್ಟದ ಮೇಲೆ ಏನಿರ್ತದೆ ನಿಮಗೆ ಗೊತ್ತಲ್ಲ, ಹೊಗೆಸೊಪ್ಪು ಕಟ್ಟೋ ದಾರದ ಉಂಡೆ, ಹಿಡಿ ಮುರಿದ ಕುಕ್ಕರು, ಯಾರದೋ ಮದ್ವೇಲಿ ಬಂದ ಗಡಿಯಾರ. ಅದ್ರ ಮಧ್ಯದಿಂದ ಧೂಳು ಮೆತ್ಕೊಂಡಿದ್ದ ಒಂದು ರಟ್ಟಿನ ಡಬ್ಬ ಇಳಿಸ್ಕೊಂಡು ಬಂದು, "ಅಜ್ಜೀ, ಇದೇನು?" ಅಂದ.

ಡಬ್ಬ ನೋಡಿದ್ದೇ ತಡ, ನನ್ನ ಎದೆ ಧಸಕ್ ಅಂತು. ನನ್ನ ಮಗನ ವಿಡಿಯೋ ಗೇಮು ಅದು.

1996ರಲ್ಲಿ ನಮ್ಮ ಸೊಪ್ಪಿಗೆ ಇಲ್ಲಿನ ಹರಾಜು ಮಾರುಕಟ್ಟೇಲಿ ಒಳ್ಳೆ ರೇಟು ಸಿಕ್ತು. ಬ್ಯಾರನ್ ಸಾಲ ತೀರಿ ಕೈಯಲ್ಲಿ ಒಸಿ ಕಾಸು ಉಳೀತು. ನಮ್ಮ ಯಜಮಾನ್ರು ಮೈಸೂರಿಗೆ ಹೋದೋರು ನನಗೊಂದು ಸೀರೆ, ಮಗಂಗೆ ಈ ಗೇಮು ತಂದ್ರು. ಕೆಂಪು ಬಿಳಿ ಬಣ್ಣದ ಪೆಟ್ಟಿಗೆ, ವೈರಿರೋ ಎರಡು ರಿಮೋಟು, ಒಂದು ಬಂದೂಕು, ಒಂದು ಹಳದಿ ಕ್ಯಾಸೆಟ್ಟು. ಜಪಾನಿನ ನಿಂಟೆಂಡೋದೋರು 1983ರಲ್ಲಿ ಬುಟ್ಟಿದ್ದ ಫ್ಯಾಮಿಕಾಮ್ ಅನ್ನೋದರ ನಕಲು ಇದು ಅಂತ ಈಗ ಮಗ ಹೇಳಿದ. ಆಗ ನಮ್ಮ ದೇಶದಲ್ಲಿ ಐಕ್ಳೆಲ್ಲ ಆಡಿದ್ದು ಇಂಥಾ ನಕಲುಗಳೇ ಅಂತೆ. ಕ್ಯಾಸೆಟ್ಟಿನ ಮೇಲೆ 9999 ಆಟ ಅಂತ ಬರ್ದಿತ್ತು. ಹಾಕಿ ನೋಡಿದ್ರೆ ಅವೇ ನಾಕೈದು ಆಟ ತಿರ್ಗಿ ತಿರ್ಗಿ ಬರೋವು.

ಮೊಮ್ಮಗ ಟೀವಿಗೆ ಹಾಕು ಅಂತ ಹಠ ಹಿಡಿದ. ಮಗ ನಗ್ತಾ, "ಅಡಾಪ್ಟರು ಇಲ್ಲ ಕಣೋ. ರಾತ್ರಿಯೆಲ್ಲ ಆನ್ ಮಾಡಿ ಮಡಗಿ ನಾನೇ ಸುಟ್ಟಾಕ್ಬುಟ್ಟಿದ್ದೆ. ನಿಮ್ಮಜ್ಜ ಬೆನ್ನು ಮುರಿಯಂಗೆ ಹೊಡೆದಿದ್ರು. ಬೇರೆದು ತರಿಸೋಣ ಬುಡು" ಅಂದ.

ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ಅಡಾಪ್ಟರು ಸುಟ್ಟೇ ಇರ್ಲಿಲ್ಲ. ನನ್ನ ತವರಿನ ಟ್ರಂಕಲ್ಲಿ, ಧಾರೆ ಸೀರೆ ಅಡೀಲಿತ್ತು.

ಆಗ ಮಗ ಏಳನೇ ಕ್ಲಾಸು, 1997ರ ಮಾರ್ಚಿಗೆ ಪಬ್ಲಿಕ್ ಪರೀಕ್ಷೆ. ಲೆಕ್ಕದಲ್ಲಿ ಹಿಂದಿದ್ದ. ಇಸ್ಕೂಲಿಂದ ಬಂದೋನು ಚೀಲ ಬಿಸಾಕಿ ಟೀವಿ ಮುಂದೆ ಕುಂತ್ಕತಿದ್ದ. ಹೇಳಿ ಹೇಳಿ ಸಾಕಾಗಿ, ಒಂದು ಬೆಳಿಗ್ಗೆ ಅಡಾಪ್ಟರು ಕಿತ್ತು ಬಚ್ಚಿಟ್ಟು, "ರಾತ್ರಿಯೆಲ್ಲ ಹಾಕೇ ಬುಟ್ಟಿದ್ದೆ ಕಣ್ಲ, ಸುಟ್ಟೋಗಿತ್ತು, ಬಿಸಾಕ್ದೆ" ಅಂದೆ. ಪರೀಕ್ಷೆ ಮುಗಿದ್ಮೇಲೆ, ರಿಪೇರಿ ಮಾಡಿಸ್ದೆ ಅಂತ ಕೊಟ್ರಾಯ್ತು ಅನ್ನೋದು ನನ್ನ ಲೆಕ್ಕ.

ಸಂಜೆ ಅವರಪ್ಪ ಬಂದು ಯಾಕಳ್ತಿದ್ದೀಯಾ ಅಂದ್ರೆ, ಆ ಹೈದ ತಾನೇ ಒಪ್ಕಂಡ, "ನಾನೇ ಆಫ್ ಮಾಡೋದ ಮರ್ತೆ ಅಪ್ಪ." ಹುಣಸೆ ಬರಲಲ್ಲಿ ಹೊಡೆದ್ರು. ನಾನು ಒಲೆ ಮುಂದೆ ಮುದ್ದೆ ತಿರುವ್ತಾ ಇದ್ದೆ. ಒಂದು ಮಾತು ಹೇಳಿದ್ರೆ ನಿಲ್ಲೋದು, ಹೇಳ್ಲಿಲ್ಲ. ಹೇಳಿದ್ರೆ ನನ್ನ ಸರದಿ ಬರ್ತದೆ ಅನ್ನೋ ಭಯ. ಆಮೇಲೆ ಅದನ್ನ ಈಚೆ ತೆಗಿಯೋ ದಾರೀನೇ ಮುಚ್ಚೋಯ್ತು. ಹೊಸ ಅಡಾಪ್ಟರು ಕೊಡ್ಸಿ ಅಂದ್ರೆ, "ಸಾಮಾನಿನ ಜ್ವಾಪಾನ ಇಲ್ದೋನ್ಗೆ ಇನ್ನೊಂದು ರೂಪಾಯೂ ಹಾಕಲ್ಲ" ಅಂದ್ರು. ಎಂಟನೇ ಕ್ಲಾಸಿಗೆ ಸೈಕಲ್ಲು ಕೇಳ್ದಾಗ್ಲೂ ಅದೇ ಮಾತು.

ಈಗಲೂ ನನ್ನ ಮಗ ಮಲಗೋಕ್ಮುಂಚೆ ಮನೇಲಿರೋ ಒಂದೊಂದು ಸ್ವಿಚ್ಚೂ ಮುಟ್ಟಿ ನೋಡ್ತಾನೆ. ಗ್ಯಾಸು, ಗೀಸರು, ಚಾರ್ಜರು. ಸೊಸೆ ಹಾಸ್ಯ ಮಾಡ್ತಾಳೆ, "ನಿಮ್ಮ ಮಗ ವಾಚ್‌ಮ್ಯಾನು ಆಗ್ಬೇಕಿತ್ತು ಅತ್ತೆ" ಅಂತ. ನಾನೂ ನಕ್ಕಿದೀನಿ, ಎಷ್ಟೋ ಸಲ.

ಹೊಸದು ತರಿಸಿದ್ರೆ ಯಾರಿಗೂ ಏನೂ ಗೊತ್ತಾಗ್ತಿರ್ಲಿಲ್ಲ. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಎದ್ದು ಟ್ರಂಕು ತೆಗೆದು, ಕಾಫಿ ಲೋಟದ ಪಕ್ಕ ಅಡಾಪ್ಟರು ಮಡಗಿ, ಇದ್ದದ್ದು ಇದ್ದಂಗೆ ಹೇಳಿದೆ.

ಮಗ ಅದನ್ನ ಕೈಗೆ ತಗೊಂಡು ತಿರುಗ್ಸಿ ತಿರುಗ್ಸಿ ನೋಡ್ದ. ಬಯ್ಯಲಿಲ್ಲ. ಒಸಿ ಹೊತ್ತಾದ್ಮೇಲೆ, "ಅಪ್ಪಂಗೆ ಗೊತ್ತಿತ್ತಾ?" ಅಂದ.

"ಇಲ್ಲ ಮಗ."

ಅವರು ತೀರ್ಕೊಂಡು ನಾಕೊರ್ಸ ಆಯ್ತು. ಮಗ ಎದ್ದು ಹಿತ್ತಲಿಗೆ ಹೋದ. ಕಾಫಿ ಆರೋಯ್ತು. ಮೊಮ್ಮಗನೇ ಹೋಗಿ ಕೈ ಹಿಡಿದು ಎಳ್ಕಂಡು ಬಂದ, "ಅಪ್ಪಾ, ಅಡಾಪ್ಟರ್ ಸಿಕ್ತಲ್ಲ, ಹಾಕು ಬಾ."

ಅಲ್ಲಿಂದಾಚೆಗಿನ ಕತೆ ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇದ್ರೆ ಉಪಯೋಗಕ್ಕೆ ಬರ್ತದೆ, ಕೇಳಿ. ಹಳೇ ಅಡಾಪ್ಟರನ್ನ ಹಂಗೇ ಸಿಕ್ಕಿಸ್ಬ್ಯಾಡಿ. ಮೆಕ್ಯಾನಿಕ್ ತಾವ ಮೀಟರ್ ಹಿಡಿಸಿ. ನಮ್ಮದ್ರ ಮೇಲೆ 9 ವೋಲ್ಟು ಅಂತ ಬರ್ದಿದ್ರೂ ಮೀಟರು 13 ತೋರಿಸ್ತು. ನಾನು ಗಾಬರಿಯಾದೆ. ಆ ಕಾಲದ ಭಾರದ ಅಡಾಪ್ಟರುಗಳು ಕೆಲಸ ಇಲ್ದೆ ಖಾಲಿ ಇದ್ದಾಗ ಹೆಚ್ಚೇ ತೋರಿಸ್ತವೆ, ಗೇಮಿನೊಳಗೆ ಅದನ್ನ 5 ವೋಲ್ಟಿಗೆ ಇಳಿಸೋ ಪಾರ್ಟು ಅದೆ ಅಂತ ಅವರು ಹೇಳಿದ್ಮೇಲೆ ಸಮಾಧಾನ ಆಯ್ತು. ಹೊಸದು ತರೋದಾದ್ರೆ ವೋಲ್ಟು ಒಂದೇ ನೋಡಿದ್ರೆ ಸಾಲ್ದು. ಪಿನ್ನಿನ ಒಳಗೆ ಪ್ಲಸ್ಸೋ ಮೈನಸ್ಸೋ ಅಂತ ಗೇಮಿನ ಮೇಲಿರೋ ಗುರುತಿಗೂ ಅಡಾಪ್ಟರಿನ ಗುರುತಿಗೂ ತಾಳೆ ಹಾಕ್ಬೇಕು. ಅದಲು ಬದಲಾದ್ರೆ ನಿಜವಾಗ್ಲೂ ಸುಟ್ಟೋಯ್ತದೆ.

ಆಮೇಲೆ ಟೀವಿ. ಆಗ ನಮ್ಮ ಯಜಮಾನ್ರು ಏರಿಯಲ್ ತೂತಿಗೆ ವೈರು ಸಿಕ್ಕಿಸಿ, ಟ್ಯೂನಿಂಗ್ ತಿರುವಿ ತಿರುವಿ, ಮರಳು ಮರಳಾಗಿ ಬರ್ತಿದ್ದ ಪರದೇಲಿ ಚಿತ್ರ ಹಿಡೀತಿದ್ರು. ಈಗಿನ ಗೋಡೆ ಟೀವೀಲಿ ಹಂಗೆ ಹುಡುಕಿಸಿದ್ರೆ ಏನೂ ಸಿಗ್ಲಿಲ್ಲ. ಗೇಮಿನ ಪಕ್ಕದಲ್ಲಿ ಚಿತ್ರಕ್ಕೆ ಹಳದಿ, ಸದ್ದಿಗೆ ಬಿಳಿ ತೂತೂ ಇದ್ವು. ಆದ್ರೆ ನಮ್ಮ ಟೀವೀಲಿ ಹಳದಿ ತೂತೇ ಇಲ್ಲ, ಬರೀ ಎಚ್‌ಡಿಎಂಐ. ಮಗ ಹುಣಸೂರಿಗೆ ಹೋಗಿ ಒಂದು ಚಿಕ್ಕ ಕನ್ವರ್ಟರು ತಂದ. ಅದು ಉಲ್ಟಾ. ಹೊಸ ಪೆಟ್ಟಿಗೆಯಿಂದ ಹಳೇ ಟೀವಿಗೆ ಹಾಕೋದು! ನೋಡೋಕೆ ಎರಡೂ ಒಂದೇ ತರ. ಮತ್ತೆ ಬಸ್ಸು ಹತ್ತಿ ಹೋಗಿ ಬದಲಾಯಿಸ್ಕೊಂಡು ಬಂದ. "ಎವಿಯಿಂದ ಎಚ್‌ಡಿಎಂಐಗೆ" ಅಂತ ಬಾಯಿಬಿಟ್ಟು ಕೇಳಿ ತಗೊಳ್ಳಿ. ಅದಕ್ಕೂ ಕರೆಂಟು ಬೇಕು, ಅದರ ವೈರನ್ನ ಟೀವಿಯ ಯುಎಸ್‌ಬಿಗೆ ಸಿಕ್ಕಿಸಿದ್ರೆ ಸಾಕು.

ಇಷ್ಟಾದ್ರೂ ಬಂದದ್ದು ಬೂದಿ ಬಣ್ಣದ ಗೆರೆ. ಮಗ ಕ್ಯಾಸೆಟ್ಟು ಕಿತ್ತು ಚಿಕ್ಕಂದಿನ ತರಾನೇ ಉಫ್ ಅಂತ ಊದ್ದ. ಊದಬಾರ್ದಂತೆ, ಬಾಯಿ ತೇವ ತಾಗಿ ಕ್ಯಾಸೆಟ್ಟಿನ ತಾಮ್ರದ ಹಲ್ಲು ಹಾಳಾಯ್ತವೆ ಅಂತ ಮೊಬೈಲ್ ರಿಪೇರಿ ಹುಡುಗ ಹೇಳಿದ. ಪೆನ್ಸಿಲ್ ರಬ್ಬರಲ್ಲಿ ಮೆಲ್ಲಗೆ ಉಜ್ಜಿ, ಅವನು ಕೊಟ್ಟ ಐಪಿಎ ದ್ರಾವಣವನ್ನ ಹತ್ತೀಲಿ ಅದ್ದಿ ಒರೆಸಿ, ಪೂರ್ತಿ ಒಣಗಿಸಿ ಹಾಕಿದ್ವಿ. ಹತ್ತಿಯೆಲ್ಲ ಕಪ್ಪಗಾಯ್ತು. ಸ್ವಿಚ್ಚು ಒತ್ತಿದ್ರೆ, ಆ ಟುಣುಕು ಟುಣುಕು ಹಾಡು! 28 ವರ್ಷ ಆದ್ಮೇಲೆ.

ಮಾರಿಯೋ ಮಾತ್ರ ಬೀಗರೂಟ ಉಂಡೋನಂಗೆ ಡುಮ್ಮಗಿದ್ದ. ಟೀವಿ ಸೆಟ್ಟಿಂಗಲ್ಲಿ ಚಿತ್ರದ ಅಳತೆ 4:3 ಮಾಡಿದ್ಮೇಲೆ ಸಣ್ಣಗಾದ. ಗೇಮ್ ಮೋಡ್ ಅಂತ ಒಂದದೆ, ಅದನ್ನೂ ಹಾಕಿದ್ರೆ ಗುಂಡಿ ಒತ್ತಿದ ತಕ್ಷಣ ನೆಗೀತಾನೆ.

ಬಂದೂಕು ಮಾತ್ರ ಕೆಲಸ ಮಾಡ್ಲಿಲ್ಲ. ಬಾತುಕೋಳಿ ಹೊಡೆಯೋವಾಗ ಪರದೆ ಒಂದು ಗಳಿಗೆ ಕಪ್ಪಾಗಿ, ಕೋಳಿ ಇರೋ ಜಾಗ ಮಾತ್ರ ಬೆಳ್ಳಗಾಯ್ತದಂತೆ. ಬಂದೂಕಿನ ಕಣ್ಣು ಆ ಬೆಳಕನ್ನ ಹಿಡೀಬೇಕು. ಹಳೇ ಡಬ್ಬ ಟೀವೀಲಿ ಬೆಳಕು ಸರಿಯಾದ ಹೊತ್ತಿಗೆ ಬರ್ತಿತ್ತು, ಹೊಸದ್ರಲ್ಲಿ ಚೂರು ತಡ. ಆ ಚೂರೇ ಸಾಕು, ಗುರಿ ಸರಿಯಿದ್ರೂ ತಪ್ಪು ಅಂತದೆ. ಅದಕ್ಕೆ ಮದ್ದಿಲ್ಲ, ಹಳೇ ಟೀವಿ ಗುಜರಿಗೆ ಹೋಗಿ ಯಾವ ಕಾಲ ಆಯ್ತೋ.

ಮಗ ಎರಡನೇ ರಿಮೋಟು ನನ್ನ ಕೈಗೆ ಕೊಟ್ಟ. ಮೊದಲನೇ ಗುಂಡೀಲೇ ಬಿದ್ದು ಸತ್ತೆ. ಮೊಮ್ಮಗ ಬಿದ್ದು ಬಿದ್ದು ನಕ್ಕ, ಮಗನೂ ನಕ್ಕ. ಕ್ಷಮಿಸಿದ ಅಂತ ನಾನು ಹೇಳೋಕಾಗಲ್ಲ. ಅವನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಯಜಮಾನ್ರ ಫೋಟೋ ಕಡೆ ಮಾತ್ರ ಎರಡು ಸಲ ನೋಡ್ದ.

ರಾತ್ರಿ ಎಂದಿನಂಗೆ ಒಂದೊಂದು ಸ್ವಿಚ್ಚೂ ಮುಟ್ಟಿ ನೋಡ್ಕಂಡು ಬಂದ. ಈ ಸಲ ನನಗೆ ನಗೋಕಾಗ್ಲಿಲ್ಲ. ಹಿಂದಿಂದೆ ನಾನೂ ಹೋದೆ. ಅವರು ಬೆಂಗಳೂರಿಗೆ ವಾಪಸ್ ಹೋದ್ಮೇಲೆ ಡಬ್ಬಾನ ಅಟ್ಟಕ್ಕೆ ಹಾಕ್ಲಿಲ್ಲ. ಅಡಾಪ್ಟರು ಟೀವಿ ಪಕ್ಕದಲ್ಲೇ ಅದೆ, ಬಂದೋರೆಲ್ಲರ ಕಣ್ಣಿಗೂ ಕಾಣೋ ಹಂಗೆ.